ಎಡ ಸೀಟಿನ ಭಾರ

ಹೆಸರಿಲ್ಲದ ಗೆರೆಗಳ ನಡುವೆ ಅವ್ವನ ಕಾಲು ನನಗೆ ಗುರುತು ಸಿಗತೊಡಗಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ನಾನೇ ಒಪ್ಪಿಕೊಳ್ಳುವುದಕ್ಕೂ ಬಹಳ ದಿನ ಬೇಕಾದವು.

ನಮ್ಮ ಕೆಲಸದಲ್ಲಿ ಇದು ಆಗಬಾರದ ಸಂಗತಿ. ವಿಮಾ ಕಂಪನಿಯ ವಿಶ್ಲೇಷಣಾ ಕೋಣೆಗೆ ಬರುವ ದಾಖಲೆಗಳಲ್ಲಿ ಗಾಡಿಯ ನಂಬರು ಇರುವುದಿಲ್ಲ, ಓಡಿಸಿದವರ ಹೆಸರು ಇರುವುದಿಲ್ಲ, ಹೆಣ್ಣೋ ಗಂಡೋ ಎಂಬುದಂತೂ ಇರಲೇಕೂಡದು. ಬರುವುದು ಬರೀ ಗೆರೆ. ಪಾದವು ಬ್ರೇಕನ್ನು ಎಷ್ಟು ಜೋರಾಗಿ ಒತ್ತಿತು, ಎಷ್ಟು ಬೇಗ ಒತ್ತಿತು, ಹೇಗೆ ಬಿಟ್ಟಿತು ಎಂಬುದರ ಒಂದು ಏರು, ಒಂದು ಇಳಿತ. ಹೆಚ್ಚಿನವರು ಬ್ರೇಕನ್ನು ಒಮ್ಮೆಲೇ ಬಿಟ್ಟುಬಿಡುತ್ತಾರೆ. ಅವ್ವ ಹಾಗೆ ಬಿಡುವವಳಲ್ಲ. ಹಂಚಿನ ಮೇಲಿನ ರೊಟ್ಟಿಯ ಅಂಚನ್ನು ಅರಿವೆಯಿಂದ ಒತ್ತಿ ನೋಡುವಂತೆ, ಬಿಡುವ ಮುಂಚೆ ಎರಡು ಸಲ ಮೆತ್ತಗೆ ಒತ್ತಿ, ಆಮೇಲೆ ಬಿಡುತ್ತಾಳೆ. ಗೆರೆಯ ಇಳಿಜಾರಿನಲ್ಲಿ ಎರಡು ಸಣ್ಣ ಉಬ್ಬು ಮೂಡುತ್ತವೆ. ಆ ಉಬ್ಬು ಕಂಡರೆ ಸಾಕು, ಪರದೆಯ ಮುಂದೆ ಕೂತ ನನಗೆ ಜೋಳದ ಹಿಟ್ಟಿನ ವಾಸನೆ ಬಂದಂತಾಗುತ್ತಿತ್ತು. ಗುರುತು ಸಿಕ್ಕ ಕೂಡಲೇ ಮೇಲಿನವರಿಗೆ ತಿಳಿಸಿ ಆ ದಾಖಲೆಯನ್ನು ಬೇರೆಯವರಿಗೆ ದಾಟಿಸಬೇಕೆಂಬ ನಿಯಮವಿದೆ. ನಾನು ದಾಟಿಸಲಿಲ್ಲ. ತಿಳಿಸಬೇಕಾದರೆ ಬಾಯಿ ತೆರೆಯಬೇಕು. ಬಾಯಿ ತೆರೆಯುವುದೆಂದರೆ ನನಗೆ ಮೊದಲಿನಿಂದಲೂ ಆಗದ ಮಾತು.

ಕಾರಿನೊಳಗೆ ಕೂತು ಈ ಗೆರೆಗಳನ್ನು ಕಳಿಸುವ ಪೆಟ್ಟಿಗೆಯ ಅಧಿಕೃತ ಹೆಸರು ಪಥಸಾಕ್ಷಿ. ಹುಬ್ಬಳ್ಳಿ ಧಾರವಾಡದ ಜನ ಅದನ್ನು ಚಾಡಿಡಬ್ಬಿ ಅನ್ನುತ್ತಾರೆ. ಅದು ಬಂದದ್ದು ನ್ಯಾಯಕ್ಕಾಗಿಯೇ. ಮೊದಲು ಹೆಣ್ಣಿಗೊಂದು ದರ, ಗಂಡಿಗೊಂದು ದರ ಹಾಕುವ ಕಂಪನಿಗಳಿದ್ದವು. ಗಂಡುಹುಡುಗರು ಗಾಡಿಯನ್ನು ಹುಚ್ಚುಕುದುರೆಯಂತೆ ಓಡಿಸುತ್ತಾರೆಂದು ಅವರಿಗೆ ಹೆಚ್ಚು, ಹೆಂಗಸರಿಗೆ ಕಡಿಮೆ. ಅದು ಸರಿಯಲ್ಲ, ಹುಟ್ಟನ್ನು ನೋಡಬೇಡಿ, ಓಡಿಸುವುದನ್ನು ನೋಡಿ ಎಂದು ಕಾನೂನಾಯಿತು. ಆಗ ಪ್ರತಿ ಕಾರಿನೊಳಗೂ ಈ ಪೆಟ್ಟಿಗೆ ಬಂತು. ಎದುರಿನ ರಸ್ತೆಯನ್ನು ನೋಡಲು ಅದಕ್ಕೊಂದು ಕಣ್ಣು, ಪೆಡಲಿನ ಕೆಳಗೊಂದು ಸೂಕ್ಷ್ಮ ಪಟ್ಟಿ. ಕಿವಿ ಮಾತ್ರ ಇಲ್ಲ. ಮನೆಮಂದಿ ಕಾರಿನೊಳಗೆ ಆಡುವ ಮಾತನ್ನು ಕಂಪನಿ ಕೇಳಕೂಡದು ಎಂದು ಕೋರ್ಟು ಹೇಳಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಯಾರಾದರೂ ಬ್ರೇಕು ಹಾಕಿದಾಗ ಯಂತ್ರ ಎದುರಿನ ಚಿತ್ರವನ್ನು ನೋಡುತ್ತದೆ. ನಾಯಿ, ಗುಂಡಿ, ಕೆಂಪು ದೀಪ, ಅಡ್ಡ ಬಂದ ಆಟೋ ಏನಾದರೂ ಇದ್ದರೆ ಅದು ಸಕಾರಣ. ಏನೂ ಇಲ್ಲದಿದ್ದರೆ ಅಕಾರಣ. ಯಂತ್ರಕ್ಕೆ ಅನುಮಾನ ಬಂದವು ನನ್ನಂಥವರ ಮುಂದೆ ಬರುತ್ತವೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಮೇಲೆ ದಿನವಿಡೀ ಗುಂಡಿ ಇದೆಯೋ ಇಲ್ಲವೋ ನೋಡುವ ಕೆಲಸ. ಅಕಾರಣ ಬ್ರೇಕು ಹೆಚ್ಚಾದಷ್ಟೂ ಆ ಪಾದದ 'ಅಳುಕು ಅಂಕ' ಏರುತ್ತದೆ, ಅದರ ಹಿಂದೆ ವಿಮೆಯ ಕಂತು ಏರುತ್ತದೆ. ಒಂದು ಮಿತಿ ದಾಟಿತೆಂದರೆ ಆ ಪಾದವನ್ನು ಪಾಲಿಸಿಯಿಂದಲೇ ಕಳೆಯುತ್ತಾರೆ. ಆಮೇಲೆ ಆ ಪಾದ ಬ್ರೇಕು ಒತ್ತಿದರೆ ಕಾರು ಚಾಲೂ ಆಗುವುದಿಲ್ಲ. ಊರಲ್ಲಿ ಇದಕ್ಕೆ 'ಕಾಲು ತಗದ್ರು' ಅನ್ನುತ್ತಾರೆ. ಮುಂದಿನ ಓಣಿಯ ಹಿರೇಮಠ ಟೀಚರಿನ ಕಾಲು ತಗದ್ರಂತ, ಬ್ಯಾಂಕಿನ ಆ ಮೇಡಮ್ಮಿನ ಕಾಲೂ ತಗದ್ರಂತ. ಕೇಳಿದವರು ಒಮ್ಮೆ ಚುಚ್ಚಿಸಿಕೊಂಡಂತಾಗಿ ತಮ್ಮ ಪಾದ ನೋಡಿಕೊಳ್ಳುತ್ತಾರೆ.

ಕಾಲು ಉಳಿಸಿಕೊಳ್ಳಲು ಹೆಂಗಸರು ಮಾಡದ ಉಪಾಯವಿಲ್ಲ. ಹಿರೇಮಠ ಟೀಚರು ಗಂಡನ ಬೂಟು ಹಾಕಿಕೊಂಡು ಓಡಿಸಿದರು. ಡಬ್ಬಿಗೆ ಬೂಟಿನ ಹಂಗಿಲ್ಲ, ಅಂಕ ಏರುತ್ತಲೇ ಹೋಯಿತು, ಮೇಲೆ ಕಾಲಿಗೆ ಬೊಕ್ಕೆ ಬಂದವು. ಒಬ್ಬಾಕೆ ಡಬ್ಬಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದಳಂತೆ. ಈ ಸುದ್ದಿ ಹೇಳಿ ನಮ್ಮ ಕೋಣೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಸಾಕಾಗಿ ಮತ್ತೆ ಪರದೆ ನೋಡಿದರೆ ಎರಡು ಉಬ್ಬಿನ ಗೆರೆ. ಎದುರಿಗೆ ಖಾಲಿ ರಸ್ತೆ. ಅಕಾರಣ.

* * *

ನಮ್ಮ ಮನೆ ಹುಬ್ಬಳ್ಳಿಯ ನವನಗರದಲ್ಲಿ. ಅವ್ವ ಸುಲೋಚನಾ ಧಾರವಾಡದ ಸಪ್ತಾಪುರದ ಹಾಸ್ಟೆಲುಗಳಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಾಳೆ. ಮೊದಲು ಬಸ್ಸಿನಲ್ಲಿ ಬುಟ್ಟಿ ಹೊತ್ತು ಹೋಗುತ್ತಿದ್ದಳು. ನಲವತ್ತು ದಾಟಿದ ಮೇಲೆ ಹೆಂಗಸರ ಡ್ರೈವಿಂಗ್ ಕ್ಲಾಸಿಗೆ ಸೇರಿ ಕಾರು ಕಲಿತಳು. ಮೊದಲ ದಿನ ಒಬ್ಬಳೇ ಹೋಗಿ ಬಂದಾಗ ಬಾಗಿಲಲ್ಲಿ ನಿಂತು ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಅಪ್ಪ ಮಲ್ಲೇಶಪ್ಪ ಬಸ್ ಕಂಡಕ್ಟರಾಗಿದ್ದರು. ಆಯುಷ್ಯವೆಲ್ಲ ಬಸ್ಸಿನಲ್ಲೇ ಕಳೆದರೂ ಸ್ಟೇರಿಂಗ್ ಮುಟ್ಟಿದವರಲ್ಲ. ಕಂಡಕ್ಟರನ ಜಾಗ ಎಡಬಾಗಿಲು. ಅಲ್ಲಿ ನಿಂತು ಫುಟ್‌ಬೋರ್ಡು ನೋಡಬೇಕು, ಇಳಿಯುವ ಮುದುಕಿಯ ಕಾಲು ನೆಲ ಮುಟ್ಟಿತೋ ಇಲ್ಲವೋ ನೋಡಬೇಕು, ಆಮೇಲೆ 'ರೈಟ್' ಅನ್ನಬೇಕು. ಏನಾದರೂ ಎಡವಟ್ಟು ಕಂಡರೆ ಒಂದೇ ಮಾತು, 'ಹೋಲ್ಡಾನ್'. ಆ ಮಾತು ಕೇಳಿದ ಡ್ರೈವರ್ ಯಾಕೆಂದು ಕೇಳುವ ಹಾಗಿಲ್ಲ. ಮೊದಲು ಬ್ರೇಕು, ಆಮೇಲೆ ಪ್ರಶ್ನೆ. ಹಾಗೆ ಕೇಳದೆ ನಿಲ್ಲಿಸಿದ್ದರಿಂದಲೇ ತಮ್ಮ ಬಸ್ಸಿನಿಂದ ಒಂದು ಮಗುವೂ ಬೀಳಲಿಲ್ಲವೆಂದು ಅಪ್ಪ ಹೇಳುತ್ತಿದ್ದರು.

ರಿಟೈರಾದ ಮೇಲೆ ಅಪ್ಪ ಅವ್ವನ ಜೊತೆ ರೊಟ್ಟಿ ಕೊಡಲು ಹೋಗತೊಡಗಿದರು. ಇಸ್ತ್ರಿಯ ಅಂಗಿ ಹಾಕಿಕೊಂಡು ಎಡ ಸೀಟಿನಲ್ಲಿ ಕೂತು ಬಾಗಿಲಿಗೆ ಎರಡು ಸಲ ತಟ್ಟುತ್ತಾರೆ.

"ಏನ್ ಡ್ರೈವರ್ರ, ಬಿಡೂಣೇನು?"

"ಕಂಡಕ್ಟರು ರೈಟ್ ಅನ್ನೂತನಕ ಗಾಡಿ ಹೆಂಗ ಬಿಡ್ಲಿ?"

"ಚಿಲ್ಲರೆ ಇಲ್ಲದವರು ಇಳೀರಿ. ರೈಟ್, ರೈಟ್!"

ಹಿಂದೆ ರೊಟ್ಟಿ ಡಬ್ಬಿಗಳ ನಡುವೆ ಕೂತ ನನಗೂ ನಗು ಬರುತ್ತಿತ್ತು. ಎಡಗಡೆ ಒಂದು ಆಡು ಕಿವಿ ಅಲ್ಲಾಡಿಸಿದರೆ, ಸೈಕಲ್ಲಿನ ಹುಡುಗಿ ಚಪ್ಪಲಿ ಸರಿಮಾಡಿಕೊಂಡರೆ, ಅಪ್ಪನ ಬಾಯಿಂದ 'ಹೋಲ್ಡಾನ್' ಬರುತ್ತಿತ್ತು. ಅವ್ವನ ಕಾಲು ತಕ್ಷಣ ಬ್ರೇಕಿನ ಮೇಲೆ. ಹಿಂದಿನ ಗಾಡಿಯವರು ಹಾರ್ನು ಬಾರಿಸಿ, ಪಕ್ಕದಿಂದ ಹೋಗುವಾಗ ಒಳಗೆ ಬಗ್ಗಿ ನೋಡಿ, ಹೆಂಗಸೇ ಎಂದು ಖಾತ್ರಿ ಮಾಡಿಕೊಂಡು ತಲೆ ಅಲ್ಲಾಡಿಸುತ್ತಿದ್ದರು.

ಡಬ್ಬಿಯ ದೀಪ ಹಸಿರಿನಿಂದ ಹಳದಿಗೆ ಬಂತು, ಹಳದಿಯಿಂದ ಕೇಸರಿಗೆ. ಒಂದು ದಿನ ಅವ್ವನ ಫೋನಿಗೆ ಸೂಚನೆ ಬಂತು. ಈ ತಿಂಗಳ ಕೊನೆಗೆ ಪಾಲಿಸಿಯಿಂದ ಆಕೆಯ ಪಾದ ಕಳೆಯಲಾಗುವುದು. ಒಪ್ಪಿಗೆ ಇಲ್ಲದಿದ್ದರೆ ಕಂಪನಿಯ ಇನ್ಸ್‌ಪೆಕ್ಟರನ್ನು ಕೂರಿಸಿಕೊಂಡು ಒಂದು ಮರುಸವಾರಿ ಮಾಡಿ ತೋರಿಸಬಹುದು. ಅಷ್ಟೇ.

ಅಣ್ಣ ವೀರೇಶನಿಗೆ ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಕಾರನ್ನು ತನ್ನೊಬ್ಬನ ಪಾದಕ್ಕೆ ಬರೆಸಿದರೆ ಕಂತು ಅರ್ಧಕ್ಕಿಳಿಯುತ್ತದೆ, ಸಪ್ತಾಪುರಕ್ಕೆ ಬೇಕಾದರೆ ಆಟೋದಲ್ಲಿ ರೊಟ್ಟಿ ಕಳಿಸಿದರಾಯಿತು ಎಂದ. ಅವನ ಅಳುಕು ಅಂಕ ಸೊನ್ನೆಗೆ ಹತ್ತಿರ. ಅವನು ಎದುರಿನ ಗಾಡಿಯ ಬೆನ್ನು ಮೂಗಿಗೆ ತಾಗುವವರೆಗೂ ಬ್ರೇಕು ಮುಟ್ಟುವುದಿಲ್ಲ, ಮುಟ್ಟಿದಾಗ ಕಾರಣ ಎದುರಿಗೇ ಇರುತ್ತದೆ. ಎರಡು ಕಡೆ ತಗ್ಗು ಬಿದ್ದ ಬಾಗಿಲನ್ನು ವಿಮೆ ಕೇಳದೆ ಗ್ಯಾರೇಜಿನ ಗೆಳೆಯನ ಹತ್ತಿರ ಸರಿಮಾಡಿಸಿಕೊಂಡಿದ್ದ. ಅವ್ವನ ಕಾಲಿನಲ್ಲಿ ಹೆದರಿಕೆ ಇದೆ, ಡಬ್ಬಿ ಸುಳ್ಳು ಹೇಳುವುದಿಲ್ಲ ಎಂದು ಅವನು ಊಟದ ತಾಟಿನ ಮುಂದೆ ಕೂತು ಹೇಳಿದ. ಅಪ್ಪ ಅವನನ್ನು ಗದರಿಸಿದರು. ಸುಲೋಚನಾಳಂಥ ಡ್ರೈವರ್ ನಮ್ಮ ಡಿಪೋದಲ್ಲೂ ಇರಲಿಲ್ಲ, ಮರುಸವಾರಿ ಆಗಲಿ, ನಾನೇ ಜೊತೆಗೆ ಕೂತು ಧೈರ್ಯ ಹೇಳುತ್ತೇನೆ ಅಂದರು.

ಅವ್ವ ಎಲ್ಲರಿಗೂ ಮಜ್ಜಿಗೆ ಬಡಿಸಿದಳು.

* * *

ನಮ್ಮ ಕೋಣೆಯ ಮುಖ್ಯಸ್ಥೆ ಸುಮಿತ್ರಾ ಕುಲಕರ್ಣಿ ಮೇಡಂ. ಗೋಡೆಯ ದೊಡ್ಡ ಪರದೆಯ ಮೇಲೆ ಯಂತ್ರ ಎಲ್ಲ ಪಾದಗಳನ್ನೂ ಚುಕ್ಕೆಗಳಾಗಿ ಹರಡಿ ತೋರಿಸುತ್ತದೆ. ಆ ಚುಕ್ಕೆಗಳು ಸೇರಿ ಎರಡು ಮೋಡಗಳಂತೆ ಕಾಣುತ್ತವೆ. ಒಂದು ಕಡೆ ಅಳುಕಿನವರು, ಇನ್ನೊಂದು ಕಡೆ ಅಳುಕಿಲ್ಲದವರು. ಹೊರಗಿನಿಂದ ಬಂದ ಅತಿಥಿಗಳಿಗೆ ಮೇಡಂ ಅದನ್ನು ತೋರಿಸಿ, ನಾವು ಯಂತ್ರಕ್ಕೆ ಹೆಣ್ಣು ಗಂಡು ಎಂಬ ಎರಡು ಶಬ್ದವನ್ನೇ ಕಲಿಸಿಲ್ಲ ಎಂದು ಹೇಳುತ್ತಿದ್ದರು. ಅತಿಥಿಗಳು ತಲೆದೂಗುತ್ತಿದ್ದರು. ಅಳುಕಿನ ಮೋಡ ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಕೇಳುವ ಅಗತ್ಯ ಯಾರಿಗೂ ಇರಲಿಲ್ಲ.

ಕೈಕಾಲು ಮುರಿದ, ಜೀವ ಹೋದ ಅಪಘಾತಗಳನ್ನು ಕೆಂಪು ಚುಕ್ಕೆ ಮಾಡಿ ನೋಡಿದರೆ ಬಹುಪಾಲು ಅಳುಕಿಲ್ಲದ ಮೋಡದೊಳಗೇ ಬೀಳುತ್ತಿದ್ದವು. ಯಂತ್ರ ಮಾತ್ರ ಆದದ್ದನ್ನು ನೋಡಿ ಕಂತು ಹಾಕುತ್ತಿರಲಿಲ್ಲ. ಅಳುಕುವ ಕಾಲು ಇಂದಲ್ಲ ನಾಳೆ ದೊಡ್ಡದೊಂದು ಮಾಡಿಯೇ ತೀರುತ್ತದೆ ಎಂದು ಅದು ಭವಿಷ್ಯ ನುಡಿಯುತ್ತಿತ್ತು, ಆ ಭವಿಷ್ಯಕ್ಕೆ ದುಡ್ಡು ವಸೂಲಾಗುತ್ತಿತ್ತು.

ಅವ್ವನ ಗೆರೆಗಳಲ್ಲಿ ಒಂದು ವಿಚಿತ್ರ ಕಂಡದ್ದು ನಾನು ಅವಳನ್ನು ಗುರುತಿಸಿದ್ದರಿಂದಲೇ. ಕೆಲವು ದಿನ ಅವಳ ದಾರಿಯುದ್ದಕ್ಕೂ ಒಂದೂ ಅಕಾರಣ ಬ್ರೇಕು ಇರುತ್ತಿರಲಿಲ್ಲ. ಅವು ಮಂಗಳವಾರಗಳು. ಮಂಗಳವಾರ ಅಪ್ಪ ಪಿಂಚಣಿದಾರರ ಸಂಘಕ್ಕೆ ಹೋಗುತ್ತಾರೆ.

ಕಾರಿನ ಎಡ ಸೀಟಿನ ಕೆಳಗೆ ಮತ್ತೊಂದು ಪಟ್ಟಿ ಇರುತ್ತದೆ. ಯಾರಾದರೂ ಬೆಲ್ಟು ಹಾಕದೆ ಕೂತರೆ ಕುಂಯ್ ಅನ್ನುವುದಕ್ಕಾಗಿ ಇಟ್ಟದ್ದು. ಭಾರ ಇದೆಯೋ ಇಲ್ಲವೋ ಅಷ್ಟೇ ಅದಕ್ಕೆ ಗೊತ್ತು. ಆ ದಾಖಲೆಯನ್ನು ಯಾರೂ ತೆಗೆದು ನೋಡಿರಲಿಲ್ಲ. ನಾನು ತೆಗೆದು, ಅವ್ವನದೊಂದೇ ಅಲ್ಲ, ಅಳುಕಿನ ಮೋಡದ ಎಲ್ಲ ಪಾದಗಳ ಜೊತೆ ಇಟ್ಟು ನೋಡಿದೆ. ಎಡ ಸೀಟು ಖಾಲಿ ಇದ್ದಾಗ ಆ ಮೋಡ ಕರಗಿ ಇನ್ನೊಂದರ ಮೇಲೆ ಹೋಗಿ ಕೂತಿತು. ಭಾರ ಬಂದೊಡನೆ ಮತ್ತೆ ಬೇರೆಯಾಯಿತು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಸುಸ್ತಾಯಿತು, ಅಷ್ಟೇ.

ಮೇಡಂ ನನ್ನ ಮೇಜಿನ ಬಳಿ ಬಂದಾಗ ಆ ಚಿತ್ರ ತೆರೆದೆ. ಪರದೆಯನ್ನು ಅವರ ಕಡೆ ತಿರುಗಿಸಿದೆ. ಅವರು ಬಹಳ ಹೊತ್ತು ನೋಡಿದರು. ಭಾರ ಇಟ್ಟರು, ತೆಗೆದರು, ಮತ್ತೆ ಇಟ್ಟರು.

"ಛಲೋ ನೋಡೀದಿ," ಎಂದರು. "ಆದರ ನೀಲಾ, ಗಂಡಸರು ನಡಸೋ ಗಾಡ್ಯಾಗೂ ಎಡಕ್ಕ ಹೆಂಡ್ತಿ ಕೂತಿರ್ತಾಳ. ಅಷ್ಟೇ ಭಾರ. ಅಲ್ಲಿ ಯಾಕ ಹಿಂಗ ಆಗೂದಿಲ್ಲ? ಕಂಪನಿಯವರು ಇದನ್ನ ಕೇಳ್ತಾರ. ಏನ್ ಹೇಳ್ತಿ?"

ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ಅಲ್ಲಿ ಎಡಕ್ಕೆ ಕೂತವಳು ಏನೂ ಅನ್ನುವುದಿಲ್ಲ, ಅಂದರೂ ಬಲಕ್ಕೆ ಕೂತವನ ಕಾಲು ಕೇಳುವುದಿಲ್ಲ. ಇಲ್ಲಿ ಎಡಕ್ಕೆ ಕೂತ ಬಾಯಿ ಅನ್ನುತ್ತದೆ, ಬಲಗಡೆಯ ಕಾಲು ಕೇಳುತ್ತದೆ. ಹೇಳಿದ್ದರೆ ಅಪ್ಪನನ್ನು ಕರೆತಂದು ಆ ಕೋಣೆಯ ನಡುವೆ ನಿಲ್ಲಿಸಿದಂತಾಗುತ್ತಿತ್ತು. ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಿದೆ.

* * *

ಬೆಳಗಿನ ರೊಟ್ಟಿ ಬಡಿಯುವಾಗ ಅವ್ವನ ಹತ್ತಿರ ಯಾರೂ ಮಾತಾಡಬಾರದು, ಲಯ ತಪ್ಪುತ್ತದೆ. ಆ ದಿನ ಹಿಟ್ಟು ನಾದಿಕೊಡುವ ನೆವದಿಂದ ಪಕ್ಕ ಕೂತೆ. ಮರುಸವಾರಿಗೆ ಅಪ್ಪ ಬರುವುದು ಬೇಡ ಎಂಬಲ್ಲಿಂದ ಶುರುಮಾಡಿ, ಮಂಗಳವಾರದ ಮಾತು, ಎಡ ಸೀಟಿನ ಮಾತು, ಒಂದರ ಹಿಂದೊಂದು ಕಾಲು ಕುಂಟುತ್ತ ಹೊರಗೆ ಬಂದವು. ಹೋಲ್ಡಾನ್ ಎಂಬ ಶಬ್ದದ ಹತ್ತಿರ ಬಂದು ನಿಂತೆ. ಅವ್ವ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಿನಗ ಈಗ ಗೊತ್ತಾತು. ನನಗ ಅವ್ರು ನನ್ನ ಬಾಜೂಕ ಕುಂತ ಮೊದಲನೇ ದಿನಾನ ಗೊತ್ತಾಗೇತಿ."

ಹಾಗಾದರೆ ಹೇಳಿಬಿಡಬಾರದೇಕೆ ಎಂದೆ. ಕೇಳಿಸಿದರೂ ಕಾಲು ತಡೆಯಬಾರದೇಕೆ. ಅವಳು ರೊಟ್ಟಿಯನ್ನು ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

"ತಡದು ನೋಡೇನಿ. ಒಂದಿನ ಅಂದ್ರು, ನಾ ನಿಲ್ಲಸಲಿಲ್ಲ. ಅವರ ಮಾರಿ ನೋಡಬೇಕಿತ್ತು ನೀ. ಆಯುಷ್ಯಪೂರ್ತಿ ಅವರ ಒಂದು ಮಾತಿಗೆ ಅಷ್ಟು ದೊಡ್ಡ ಬಸ್ಸು ನಿಲ್ತಿತ್ತವ್ವಾ. ಈಗ ಅವರ ಮಾತಿಗೆ ಏನ್ ನಿಲ್ತೈತಿ ಹೇಳು? ನಾ ಒಬ್ಬಾಕಿ ನಿಲ್ತೀನಿ."

ಕಾರು ಹೋದರೆ ಏನು ಮಾಡುತ್ತೀ ಎಂದು ಕೇಳಿದೆ. ಮನೆಯಲ್ಲಿ ಇರುತ್ತೇನೆ, ಎಲ್ಲರೂ ಇರುವುದಿಲ್ಲವೇ ಎಂದಳು. ಆಮೇಲೆ, ಹಂಚಿನ ಕಡೆ ನೋಡುತ್ತಲೇ, ಮಂಗಳವಾರ ಒಬ್ಬಳೇ ಹೋಗುವಾಗ ಕಿಟಕಿ ಪೂರಾ ಇಳಿಸಿಬಿಡುತ್ತೇನೆ, ಕೂದಲು ಕೆಡುತ್ತದೆ, ಕೆಡಲಿ ಅನ್ನಿಸುತ್ತದೆ ಎಂದಳು. ಇಷ್ಟು ವರ್ಷದಲ್ಲಿ ತನ್ನ ಬಗ್ಗೆ ಅವಳು ಹೇಳಿದ ಅತಿ ಉದ್ದದ ಮಾತು ಅದೇ ಇರಬೇಕು. ರೊಟ್ಟಿ ಉಬ್ಬಿತು. ಇನ್ನು ಸುಮ್ಮನಿರು ಎಂಬಂತೆ ಅದನ್ನು ಅರಿವೆಯಿಂದ ಒತ್ತಿದಳು.

* * *

ಹಿಂದಿನ ಮರುಸವಾರಿಗಳ ವರದಿಗಳನ್ನು ಮೇಡಮ್ಮೇ ನನಗೆ ತೆರೆದುಕೊಟ್ಟರು. ಮರುಸವಾರಿಗೆ ಒಂದು ವಿಶೇಷ ನಿಯಮವಿದೆ. ಅಕಾರಣ ಬ್ರೇಕು ಬಿದ್ದರೆ ಇನ್ಸ್‌ಪೆಕ್ಟರ್ ಅಲ್ಲೇ ಕಾರಣ ಕೇಳಬೇಕು. ಕಾರಿನೊಳಗಿದ್ದ ಯಾರಾದರೂ ಕಾರಣವನ್ನು ಆಗಲೇ, ಬಾಯಿಬಿಟ್ಟು ಹೇಳಿದರೆ, ಅದನ್ನು ಬರೆದುಕೊಂಡು ಸಕಾರಣಕ್ಕೆ ಸೇರಿಸುತ್ತಾರೆ. ಯಂತ್ರವೂ ಅದರಿಂದ ಕಲಿಯುತ್ತದೆ. ಕಿವಿ ಇಲ್ಲದ ಯಂತ್ರಕ್ಕೆ ಮಾತು ತಲುಪುವ ಒಂದೇ ಸಂದಿ ಅದು.

ಪುಟ ತಿರುವುತ್ತ ಹೋದೆ. ಕಾರಣ: ಹೇಳಿಲ್ಲ. ಕಾರಣ: ಹೇಳಿಲ್ಲ. ಅಲ್ಲಲ್ಲಿ ಒಬ್ಬಿಬ್ಬರು ಇನ್ಸ್‌ಪೆಕ್ಟರುಗಳು ಹೆಂಗಸರ ಮಾತನ್ನು ಇದ್ದ ಹಾಗೇ ಬರೆದಿದ್ದರು. ಗೊತ್ತಿಲ್ರೀ. ಕಾಲು ತಾನ ಹೋತ್ರೀ. ನಂದ ತಪ್ಪು ಆತ್ರೀ. ಪಕ್ಕದ ಸೀಟಿನಲ್ಲಿ ಪ್ರತಿ ಸಲವೂ ಭಾರವಿತ್ತು. ಗಂಡ, ಮಾವ, ಅಣ್ಣ, ಮಗ.

ಮೇಡಂ ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಅವರು ದಿನಾ ಆಟೋದಲ್ಲಿ ಬರುತ್ತಾರೆ. ಕಾರು ಬಿಡಲು ಬರುವುದಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು.

"ಇದರಾಗ ನಂದೂ ಒಂದದ," ಎಂದರು, ನೀರಿನ ಬಾಟಲಿಯ ಮುಚ್ಚಳ ತಿರುವುತ್ತ. "ಇಷ್ಟು ಓದಿ, ಇದೇ ಪೆಟ್ಟಿಗಿ ಮಾಡಿ, ನಾನೂ ಕಾಲು ತಾನ ಹೋತು ಅಂದೆ. ನಮ್ಮನಿಯವರು ಬಾಜೂಕ ಕೂತಿದ್ರಲ್ಲ." ಒಂದು ಗುಟುಕು ಕುಡಿದು, "ನಿಮ್ಮ ತಾಯಿಯವರ ಮರುಸವಾರಿ ಶುಕ್ರವಾರ. ನೀ ಗುರುತು ಹಿಡದೀ ಅಂತ ನನಗ ಗೊತ್ತದ. ಕಂಪನಿಯಾಕಿ ಆಗಿ ಹೋಗಬ್ಯಾಡ. ಮಗಳಾಗಿ ಹೋಗು," ಎಂದು ತಮ್ಮ ಕೋಣೆಗೆ ಹೋದರು.

* * *

ಶುಕ್ರವಾರ ಬಿಸಿಲು ಚುರುಕಾಗಿತ್ತು. ಇನ್ಸ್‌ಪೆಕ್ಟರ್ ಫಯಾಜ್ ಇನಾಮದಾರ ಎಂಬುವವರು, ನಡುವಯಸ್ಸಿನವರು, ದಿನಕ್ಕೆ ಎಷ್ಟೋ ಕಾರುಗಳಲ್ಲಿ ಕೂತೆದ್ದು ಸೊಂಟ ಸೋತವರು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು ಮೊಣಕಾಲ ಮೇಲೆ ಸಣ್ಣ ಪರದೆ ಇಟ್ಟುಕೊಂಡರು. ಮೂರು ಅಕಾರಣ ಬಿದ್ದರೆ ಅಲ್ಲಿಗೆ ಮುಗಿಯಿತು, ಸಪ್ತಾಪುರಕ್ಕೆ ಹೋಗಿ ಬರುವುದರೊಳಗೆ ಅಷ್ಟು ಬೀಳದಿದ್ದರೆ ಪಾದ ಉಳಿಯುತ್ತದೆ ಎಂದು ಹೇಳಿದ್ದನ್ನೇ ಹೇಳುವ ದನಿಯಲ್ಲಿ ತಿಳಿಸಿದರು. ಅಪ್ಪನಿಗೆ ಹಿಂದೆ ಕೂರಬಹುದಲ್ಲ ಎಂದೂ ಕೇಳಿದರು. ಅಪ್ಪ ಆಗಲೇ ಎಡ ಸೀಟಿನಲ್ಲಿ ಬೆಲ್ಟು ಹಾಕಿಕೊಂಡಿದ್ದರು. ನಾನಿದ್ದರೆ ಇವಳಿಗೆ ಧೈರ್ಯ ಅಂದರು. ಅವ್ವ ಹೌದೆಂದು ತಲೆಯಾಡಿಸಿದಳು.

ಅಂದು ತಮಾಷೆ ಇರಲಿಲ್ಲ. ಅಪ್ಪ ಮೆಲ್ಲಗೆ ರೈಟ್ ಅಂದರು, ಗಾಡಿ ಹೊರಟಿತು.

ಧಾರವಾಡ ಮುಟ್ಟುವವರೆಗೂ ಅವ್ವ ಎಷ್ಟು ಚೆನ್ನಾಗಿ ಓಡಿಸಿದಳೆಂದರೆ ಇನಾಮದಾರರು ಒರಗಿ ಕೂತು ಒಂದು ಸಲ ಆಕಳಿಸಿದರು. ಅಪ್ಪ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಎಡಗಡೆಯ ಅಂಚನ್ನು ನೋಡುತ್ತಿದ್ದರು. ಸಪ್ತಾಪುರದ ತಿರುವಿನಲ್ಲಿ, ಹಣ್ಣಿನ ಗಾಡಿಯ ಪಕ್ಕ ಒಬ್ಬ ಹೆಂಗಸು ಕೊಡೆ ಬಿಚ್ಚಿದಳು.

"ಹೋಲ್ಡಾನ್."

ಬ್ರೇಕು. ಡಬ್ಬಿ ಟಿಣ್ ಎಂದಿತು. ಇನಾಮದಾರರು ಪರದೆ ನೋಡಿ ಕಾರಣ ಕೇಳಿದರು. ಅವ್ವ ಕನ್ನಡಿಯಲ್ಲಿ ಅವರನ್ನು ನೋಡದೆ, ಕಾಲು ತಾನ ಹೋತ್ರೀ ಎಂದಳು. ಅವರು ಬರೆದುಕೊಂಡರು.

ಹಾಸ್ಟೆಲಿನ ಗೇಟಿನಲ್ಲಿ ರೊಟ್ಟಿ ಇಳಿಸಿ ತಿರುಗಿ ಬರುವಾಗ ಇನ್ನೊಂದು. ಕಾಂಪೌಂಡಿನ ಮೇಲಿಂದ ಬೆಕ್ಕು ಒಳಗಡೆಗೇ ಜಿಗಿದಿತ್ತು, ರಸ್ತೆಗಲ್ಲ. ಟಿಣ್. ಕಾರಣ? ಗೊತ್ತಿಲ್ರೀ. ಇನಾಮದಾರರು ಈ ಸಲ ನನ್ನ ಕಡೆಯೂ ಒಮ್ಮೆ ನೋಡಿದರು. ಅವರ ಕಿವಿ ಕೆಟ್ಟಿರಲಿಲ್ಲ. ಆದರೆ ತಾವಾಗಿ ಕಾರಣ ಬರೆಯುವ ಅಧಿಕಾರ ಅವರಿಗಿಲ್ಲ, ಯಾರಾದರೂ ಹೇಳಬೇಕು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಇನ್ನು ಅರ್ಧ ದಾರಿ ಅಷ್ಟೇ, ದೇವರೇ, ಎಡಗಡೆ ಏನೂ ಅಲ್ಲಾಡದಿರಲಿ ಎಂದುಕೊಂಡೆ.

ನವನಗರದ ಕಮಾನು ಕಾಣತೊಡಗಿತ್ತು. ರಸ್ತೆ ಅಗಲವಾಗಿ, ಖಾಲಿಯಾಗಿ ಬಿದ್ದಿತ್ತು. ಅವ್ವನ ಭುಜ ಇಳಿದದ್ದು, ಅವಳು ದೀರ್ಘವಾಗಿ ಉಸಿರು ಬಿಟ್ಟದ್ದು ಹಿಂದಿನಿಂದ ನನಗೆ ಕಂಡಿತು. ಎಡಕ್ಕೆ, ರಸ್ತೆಯಿಂದ ಬಹಳ ದೂರ, ಬಸ್ ನಿಲ್ದಾಣದ ಕಟ್ಟೆಯಿಂದ ಒಬ್ಬ ಮುದುಕಿ ಒಂದು ಕಾಲು ಕೆಳಗಿಟ್ಟು, ನೆಲ ಸಿಗದೆ ತಡವರಿಸಿದಳು.

"ಹೋಲ್ಡಾನ್!"

ಕಾರು ನಿಂತಿತು. ಎಲ್ಲರೂ ಮುಂದಕ್ಕೆ ಬಾಗಿ ಹಿಂದಕ್ಕೆ ಬಂದೆವು. ಟಿಣ್. ಮುದುಕಿ ಕೆಳಗಿಳಿದು ಸೆರಗು ಸರಿಮಾಡಿಕೊಂಡು ನಡೆದುಹೋದಳು.

ಇನಾಮದಾರರು ಪರದೆಯ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ಕಾರಣ ಎಂದು ಕೇಳಿದರು. ಅವ್ವ ಎರಡೂ ಕೈ ಸ್ಟೇರಿಂಗಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಗ ಅಪ್ಪ ಅವಳ ಕಡೆ ತಿರುಗಿ, ನನಗೆ ಜ್ವರ ಬಂದಾಗ ಕೇಳುತ್ತಿದ್ದ ಮೆತ್ತನೆಯ ದನಿಯಲ್ಲಿ ಕೇಳಿದರು.

"ಯಾಕ, ಏನಾತು ನಿನಗ? ಮುಂದ ಏನೂ ಇರಲಿಲ್ಲಲ್ಲ. ಯಾರರ ಏನರ ಅಂದ್ರೇನು?"

ನಾನು ಅವರ ಮುಖ ನೋಡಿದೆ. ಅದರಲ್ಲಿ ಸೋಗು ಇರಲಿಲ್ಲ. ಇಷ್ಟು ವರ್ಷ ಆ ಶಬ್ದ ಅವರ ಬಾಯಿಂದ ಉಸಿರಿನಂತೆ ಹೊರಗೆ ಹೋಗಿತ್ತು, ಒಮ್ಮೆಯೂ ಅವರ ಕಿವಿಗೆ ಬಿದ್ದಿರಲಿಲ್ಲ. ಅವ್ವನಿಗೂ ಅದು ಆಗಷ್ಟೇ ಗೊತ್ತಾಯಿತೆಂದು ಕಾಣುತ್ತದೆ. ಅವಳು ಮ್ಲಾನವಾಗಿ ಅವರನ್ನು ನೋಡಿ, ಬಾಯಿ ತೆರೆದು, ಕಾಲು ತಾನ ಎಂದು ಶುರುಮಾಡಿದಳು.

ಇನಾಮದಾರರ ಬೆರಳು ಪರದೆಗೆ ಇಳಿಯುತ್ತಿತ್ತು.

"ಅಪ್ಪಾ," ಎಂದೆ. ದನಿ ನನ್ನದಲ್ಲವೆನ್ನುವಷ್ಟು ಸಣ್ಣದಾಗಿತ್ತು. ಆದರೂ ಎಲ್ಲರೂ ಹಿಂದೆ ತಿರುಗಿದರು. "ನೀವು ಹೋಲ್ಡಾನ್ ಅಂದ್ರಿ. ಅದಕ್ಕ ಅವ್ವ ನಿಲ್ಲಿಸಿದ್ಲು."